ರಾಯಭಾರಿಯ ಸ್ವಂತ ಮಾತು

ನಮ್ಮೂರಿನಲ್ಲಿ ಬಿಸಿಲುಕೇರಿಯವರು ಆಡಿದ್ದು ನೆರಳುಕೇರಿಯವರಿಗೆ ಕೇಳಿಸುವುದಿಲ್ಲ. ನೆರಳುಕೇರಿಯವರು ಎಷ್ಟು ಗಂಟಲು ಹರಿದುಕೊಂಡರೂ ಬಿಸಿಲುಕೇರಿಯವರಿಗೆ ತುಟಿ ಅಲ್ಲಾಡಿದ್ದಷ್ಟೇ ಕಾಣುತ್ತದೆ. ಅವರಿಬ್ಬರ ನಡುವೆ ಬೆಟ್ಟವೂ ಇಲ್ಲ, ಹೊಳೆಯೂ ಇಲ್ಲ. ಇರುವುದು ಒಂದು ಬೀದಿ, ಆ ಬೀದಿಯ ನಡುಮಧ್ಯದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತ ನಮ್ಮ ನಡುಕೇರಿಯ ಮನೆಗಳು. ನಮ್ಮ ಸೂರು ಎಷ್ಟು ತಗ್ಗೆಂದರೆ ಎರಡೂ ಕಡೆಯ ಯಜಮಾನರು ತಮ್ಮ ತಮ್ಮ ಜಗಲಿಯಲ್ಲಿ ಕೂತು ನಮ್ಮ ಹೆಂಚಿನ ಮೇಲಿಂದಲೇ ಒಬ್ಬರನ್ನೊಬ್ಬರು ನೋಡಬಹುದು. ನಾವು ಗೋಡೆ ಎತ್ತರಿಸುವ ಹಾಗಿಲ್ಲ. ಎತ್ತರಿಸಿದರೆ ಅವರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣದೆ ಸಿಟ್ಟು ಮಾಡಿಕೊಳ್ಳಲು ತೊಂದರೆಯಾಗುತ್ತದಂತೆ.

ನಡುಕೇರಿಯವರಿಗೆ ಮಾತ್ರ ಎರಡೂ ಕಡೆಯದು ಕೇಳಿಸುತ್ತದೆ, ನಮ್ಮದು ಎರಡೂ ಕಡೆಗೆ ಕೇಳಿಸುತ್ತದೆ. ಅದಕ್ಕೇ ನಾವು ರಾಯಭಾರಿಗಳು. ಹೆಣ್ಣೋ ಗಂಡೋ, ಮುದುಕರೋ ಮಕ್ಕಳೋ, ಹುಟ್ಟಿದವರೆಲ್ಲ ರಾಯಭಾರಿಗಳೇ. ಹೆಸರು ಕೇಳಿದರೆ ದೊಡ್ಡದು. ದೂರದ ಊರಿನವರು ಬಂದಾಗ 'ಓಹೋ, ನೀವು ರಾಯಭಾರಿಗಳೋ' ಎಂದು ಎದ್ದು ನಿಲ್ಲುತ್ತಾರೆ. ಆಮೇಲೆ ನಮ್ಮೂರವರು ನಮ್ಮನ್ನು ಕರೆಯುವುದನ್ನು ಕೇಳಿ ಮತ್ತೆ ಕೂತುಬಿಡುತ್ತಾರೆ.

ಆ ಒಂದು ಮಾತಿಗೆ ನಮ್ಮೂರಲ್ಲಿ ಎಷ್ಟು ಅರ್ಥಗಳಿವೆ ಅಂತ ಯಾರಾದರೂ ಕೂತು ಹುಡುಕಬೇಕು. ಎರಡೂ ಕೇರಿಯವರು ವರ್ಷಕ್ಕೊಮ್ಮೆ ಮಾಡಿಕೊಳ್ಳುವ ಯುಗಾದಿಯ ಒಪ್ಪಂದದ ದಿನ ರಾಯಭಾರಿ ಎಂದರೆ ಹೆಗಲ ಮೇಲೆ ಶಾಲು ಹೊದಿಸಿಕೊಂಡು ನಡುಬೀದಿಯಲ್ಲಿ ನಿಲ್ಲುವವನು. ಸಂಜೆಗೆ ಶಾಲು ವಾಪಸು. ಸಾವಾದ ಮನೆಯಲ್ಲಿ ರಾಯಭಾರಿ ಎಂದರೆ ನೆಂಟರ ಊರಿಗೆ ನಡೆದುಹೋಗಿ ಸುದ್ದಿ ಮುಟ್ಟಿಸಿ, ಅಳುವವರ ಬೈಗುಳ ತಿಂದು ಬರುವವನು. ಮಕ್ಕಳ ಆಟದಲ್ಲಿ ಎರಡು ಪಂಗಡದವರೂ ಹೊಡೆಯಬಹುದಾದವನು ರಾಯಭಾರಿ. ಬಿಸಿಲುಕೇರಿಯ ಅಡುಗೆಮನೆಯಲ್ಲಿ ಸಾರಿಗೂ ಪಲ್ಯಕ್ಕೂ ಅದ್ದಿ ಅದ್ದಿ ತೊಳೆಯದೆ ಮೂಲೆಗೆ ಬಿಸಾಡುವ ಸೌಟಿಗೆ ರಾಯಭಾರಿ ಅನ್ನುತ್ತಾರೆ. ನೆರಳುಕೇರಿಯಲ್ಲಿ ಮದುವೆ ಊಟದ ಕೊನೆಯ ಪಂಕ್ತಿಗೆ ಆ ಹೆಸರು, ಯಾಕೆಂದರೆ ಅಲ್ಲಿ ಪಾಯಸ ತಳ ಕಂಡಿರುತ್ತದೆ. ಹೋದ ವರ್ಷದಿಂದ ಇನ್ನೊಂದು ಸೇರಿಕೊಂಡಿದೆ. ಊರ ಬಾಗಿಲಲ್ಲಿ ದೊಡ್ಡದೊಂದು ಬೋರ್ಡು ಹಾಕಿದ್ದಾರೆ, 'ನಮ್ಮೂರಿನ ಸೌಹಾರ್ದ ರಾಯಭಾರಿ' ಅಂತ. ಅದರಲ್ಲಿ ಬಿಸಿಲುಕೇರಿಯ ಯಜಮಾನ ಮರುಳಪ್ಪನವರ ಅಳಿಯ ಕಪ್ಪು ಕನ್ನಡಕ ಹಾಕಿಕೊಂಡು ಕೈ ಬೀಸುತ್ತಿದ್ದಾನೆ. ಆ ಮಹಾಶಯ ಇಲ್ಲಿಯವರೆಗೆ ಬೀದಿ ದಾಟಿ ಒಂದು ಮಾತು ಮುಟ್ಟಿಸಿದವನಲ್ಲ. ಮುಟ್ಟಿಸಲು ಹೋದರೂ ಅವನ ದನಿ ಅತ್ತ ಕೇಳಿಸಬೇಕಲ್ಲ.

ನಮ್ಮ ಕೆಲಸಕ್ಕೆ ಒಂದು ಪದ್ಧತಿ ಇದೆ. ಮಾತು ಮುಟ್ಟಿಸುವಾಗ ಒಂದು ಕೇರಿಗೆ ಮುಖ ಮಾಡಿ ಜಗಲಿಯ ಕೆಳಗೆ ನಿಲ್ಲಬೇಕು. ಇನ್ನೊಂದು ಕೇರಿಗೆ ಬೆನ್ನು. ದನಿ ತಗ್ಗಿಸಬೇಕು. ಎರಡೂ ಕಡೆಗೆ ಒಮ್ಮೆಲೇ ಕೇಳಿಸುವ ಹಾಗೆ ಯಾವತ್ತೂ ಮಾತಾಡಬಾರದು. ಇದು ಮೊದಲನೆಯದು. ಎರಡನೆಯದು, ಹಾರ ಕಳಿಸಿದರೆ ಅದು ನಮ್ಮ ಕೈ ದಾಟಿ ಮುಂದಕ್ಕೆ ಹೋಗುತ್ತದೆ, ಕಪಾಳಕ್ಕೆ ಹೊಡೆದು ಕಳಿಸಿದರೆ ಅದು ನಮ್ಮ ಹತ್ತಿರವೇ ಉಳಿಯುತ್ತದೆ. ಅತ್ತಲಿನವರ ಮೇಲಿನ ಸಿಟ್ಟನ್ನು ಇತ್ತಲಿನವರು ನಮ್ಮ ಕೆನ್ನೆಯ ಮೇಲೆ ಇಳಿಸಿ, 'ಹೋಗಿ ಮುಟ್ಟಿಸು' ಅನ್ನುತ್ತಾರೆ. ನಾವು ಮುಟ್ಟಿಸುವುದು 'ಅವರಿಗೆ ಸ್ವಲ್ಪ ಬೇಸರವಾಗಿದೆ' ಎಂದಷ್ಟೇ. ಬೈಗುಳವೆಂದರೆ ಬೈಗುಳವನ್ನೇ ದಾಟಿಸುತ್ತಾ ಹೋಗಿದ್ದರೆ ಈ ಊರು ಎಂದೋ ಹೊತ್ತಿ ಉರಿದು ಹೋಗುತ್ತಿತ್ತು. ನಮ್ಮಪ್ಪ ಹೇಳುತ್ತಿದ್ದ, 'ಅವ್ವಾ ದುರುಗಿ, ನಡೀತಾ ನಡೀತಾ ನುಂಗ್ಬೇಕು. ಆ ಜಗಲಿಯಿಂದ ಈ ಜಗಲಿ ಮುಟ್ಟೋದ್ರೊಳಗೆ ಕಾರ್ಕೋಟಕ ವಿಷನೂ ಮಜ್ಜಿಗೆ ಆಗ್ಬೇಕು.' ಅವನು ಹೊಟ್ಟೆನೋವಿನಲ್ಲೇ ಸತ್ತ. ಡಾಕ್ಟರು ಅಲ್ಸರ್ ಅಂದರು. ನಮಗೆ ಗೊತ್ತು ಒಳಗೇನಿತ್ತು ಅಂತ.

ನನ್ನ ತಂಗಿ ನಿಂಗಿಗೆ ನೋವು ಶುರುವಾದ ಬೆಳಿಗ್ಗೆ ಅವಳ ಗಂಡ ಭರಮ ಊರಲ್ಲಿರಲಿಲ್ಲ. ಬಿಸಿಲುಕೇರಿಯ ಯಾರದೋ ಸೋದರತ್ತೆ ತೀರಿಕೊಂಡಿದ್ದಳೆಂದು ಹಿಂದಿನ ದಿನವೇ ಅವನನ್ನು ಕಳಿಸಿದ್ದರು. 'ಹೆಂಡ್ರಿಗೆ ದಿನ ತುಂಬೈತೆ, ಬ್ಯಾರೆ ಯಾರ್ನಾದ್ರೂ ಕಳ್ಸಿ ಬುದ್ಧಿ' ಎಂದು ಅವನು ಕೇಳಿದ್ದಕ್ಕೆ, 'ಸಾವು ಕಾಯುತ್ತೇನೋ?' ಅಂದರಂತೆ. ಹೆರಿಗೆ ಕಾಯುತ್ತದೆಂದು ಯಾರು ಹೇಳಿದ್ದರೋ. ನಡುಕೇರಿಯ ಸೂಲಗಿತ್ತಿ ಹೊನ್ನಜ್ಜಿ ಮಳೆಗಾಲದ ಮೊದಲೇ ತೀರಿಹೋಗಿದ್ದಳು. ಪಕ್ಕದ ಮನೆಯ ಈರಕ್ಕ ಅಜ್ಜಿಯ ಜೊತೆ ನಾಲ್ಕಾರು ಹೆರಿಗೆಗೆ ಹೋಗಿ ಬಿಸಿನೀರು ಹಿಡಿದು ನಿಂತವಳು. ಅವಳೇ ಕೈಯಾಡಿಸಿ ನೋಡಿ ಹೊರಗೆ ಬಂದಳು. ಮುಖ ಬಿಳಿಚಿಕೊಂಡಿತ್ತು. 'ಕಾಲು ಮುಂದಾಗೈತೆ ಕಣಮ್ಮಿ. ನನ್ ಕೈಲಾಗಾಕಿಲ್ಲ. ನರ್ಸಮ್ಮ ಬೇಕು, ಜೀಪೂ ಬೇಕು. ಆಸ್ಪತ್ರೆಗೇ ಸಾಗಿಸ್ಬೇಕು. ಓಡು.'

ಓಡು ಅಂದಳು ಸರಿ. ಎಲ್ಲಿಗೆ? ನರ್ಸ್ ಇರುವುದು ನೆರಳುಕೇರಿಯಲ್ಲಿ, ಯಜಮಾನ ತಮ್ಮಣ್ಣಯ್ಯನವರ ಸೊಸೆ ಕಮಲಾಕ್ಷಮ್ಮ. ಜೀಪು ಇರುವುದು ಬಿಸಿಲುಕೇರಿಯಲ್ಲಿ, ಮರುಳಪ್ಪನವರ ಅಂಗಳದಲ್ಲಿ. ಹೋದ ತಿಂಗಳು ಮರುಳಪ್ಪನವರ ತಾಯಿಗೆ ಜ್ವರ ಬಂದಾಗ ಕಮಲಾಕ್ಷಮ್ಮ ಸೂಜಿ ಹಾಕಿದ್ದರು. ಚುಚ್ಚಿದ ಕಡೆ ಬಾತುಕೊಂಡಿತು. ಅವತ್ತೇ ಮರುಳಪ್ಪನವರು 'ನೆರಳುಕೇರಿ ಸೂಜಿ ಇನ್ನು ನಮ್ಮ ಕೇರಿಯ ಮೈಗೆ ತಾಕಕೂಡದು' ಎಂದು ಶಪಥ ಮಾಡಿದರು. ತಮ್ಮಣ್ಣಯ್ಯನವರು ಬಿಡುತ್ತಾರೆಯೇ? 'ಬಿಸಿಲುಕೇರಿ ಜೀಪಿಗೆ ನಮ್ಮವರು ಯಾರೂ ಕಾಲಿಡಕೂಡದು' ಅಂದರು. ಇವೆರಡನ್ನೂ ಬೀದಿ ದಾಟಿಸಿದವಳು ನಾನೇ. ಸಾಧ್ಯವಾದಷ್ಟು ನೀರು ಬೆರೆಸಿಯೇ ದಾಟಿಸಿದ್ದೆ. ಆದರೂ ಶಪಥ ಶಪಥವೇ.

ಮೊದಲು ಜೀಪಿಗೆ ಓಡಿದೆ. ಮರುಳಪ್ಪನವರು ಜಗಲಿಯಲ್ಲಿ ಕೂತು ಹಸಿರು ಪೇಟ ಸುತ್ತಿಸಿಕೊಳ್ಳುತ್ತಿದ್ದರು. ಜಗಲಿಯ ಮೇಲೆ ಅವರ ಕೇರಿಯವರು ಒಂದಷ್ಟು ಜನ ಕಾಫಿ ಕುಡಿಯುತ್ತಿದ್ದರು. ನಾನು ಪದ್ಧತಿಯ ಪ್ರಕಾರ ಕೆಳಗೆ ನಿಂತು, 'ಬುದ್ಧಿ, ಹೆರಿಗೆ ಕಷ್ಟ ಆಗೈತೆ, ಕಾಲು ಮುಂದಾಗೈತೆ, ಜೀಪು ಬೇಕು' ಅಂದೆ. ಮರುಳಪ್ಪನವರು ನನ್ನ ಮುಖ ನೋಡಲಿಲ್ಲ. ನಮ್ಮನ್ನು ಯಾರೂ ನೋಡುವುದಿಲ್ಲ. ನಮ್ಮ ಭುಜದ ಮೇಲಿಂದ ಅತ್ತಲಿನ ಜಗಲಿ ನೋಡುತ್ತಾರೆ. ಅಲ್ಲಿ ತಮ್ಮಣ್ಣಯ್ಯನವರು ಎಲೆಗೆ ಸುಣ್ಣ ಸವರುತ್ತಿದ್ದರು. ಮರುಳಪ್ಪನವರ ಮುಖ ಹಬ್ಬದಂತಾಯಿತು.

'ಕೇಳಿದಿರೇನ್ರೋ? ಜೀಪು ಬೇಕಂತೆ! ಕಾಲಿಡಲ್ಲ ಅಂದಿದ್ರಲ್ಲ, ಈಗ ಕಾಲೇ ಮುಂದಾಯ್ತಂತೆ!' ಜಗಲಿ ತುಂಬ ನಗು. 'ಯಾರಿಗಂತೆ ಹೆರಿಗೆ, ಅವರ ಮಗಳಿಗಾ?'

'ಅವರಿಗಲ್ಲ ಬುದ್ಧಿ. ನನ್ ತಂಗಿಗೆ. ನಿಂಗಿಗೆ.'

'ಹೂಂ ಹೂಂ, ಹಾಗಂತ ಹೇಳು ಅಂದಿದ್ದಾರೆ. ಮರ್ಯಾದೆ ಬೇಡ್ವೇ ಅವರಿಗೂ?' ಮರುಳಪ್ಪನವರು ಪೇಟದ ತುದಿ ಸಿಕ್ಕಿಸಿಕೊಂಡರು. 'ಹೋಗಿ ಹೇಳು. ಜೀಪು ಕೊಡ್ತೀವಿ. ನಮಗೇನು ದಯೆ ಇಲ್ವಾ? ಆದರೆ ಮೊದಲು ತಪ್ಪಾಯ್ತು ಅನ್ನಲಿ. ಜಗಲಿ ಮೇಲೆ ಎದ್ದು ನಿಂತು, ನನ್ನ ಕಣ್ಣಿಗೆ ಕಾಣೋ ಹಾಗೆ ಕೈ ಮುಗೀಲಿ.'

ಇಂಥವರಿಗೆ ಏನು ಹೇಳುತ್ತೀರಿ? ಬೆವರು ಒರೆಸಿಕೊಂಡು ಅತ್ತ ಓಡಿದೆ. ನಡುವೆ ನಮ್ಮ ಮನೆ. ಒಳಗಿಂದ ನಿಂಗಿ 'ಅಕ್ಕೋ' ಎಂದು ಕೂಗಿದ್ದು ಬೆನ್ನಿಗೆ ಚುಚ್ಚಿದ ಹಾಗಾಯಿತು. ನಿಲ್ಲಲಿಲ್ಲ. ತಮ್ಮಣ್ಣಯ್ಯನವರ ಜಗಲಿಯ ಕೆಳಗೆ ನಿಂತು, 'ಅಯ್ನೋರೆ, ಹೆರಿಗೆ ಕಷ್ಟ ಆಗೈತೆ, ನರ್ಸಮ್ಮೋರ್ನ ಕಳ್ಸಿ' ಅಂದೆ. ಅವರು ಎಲೆ ಬಾಯಿಗಿಟ್ಟುಕೊಂಡು, ನನ್ನ ಭುಜದ ಮೇಲಿಂದ ಮರುಳಪ್ಪನವರು ನಗುವುದನ್ನು ನೋಡುತ್ತಿದ್ದರು.

'ಯಾಕೆ ಹಲ್ಲು ಬಿಡ್ತಾ ಇದ್ದಾನೆ ಅವನು? ಸೂಜಿ ಬೇಕಾಯ್ತೇನು ಈಗ? ಯಾರಿಗಂತೆ?'

'ನನ್ ತಂಗಿಗೆ ಸ್ವಾಮಿ. ನಡುಕೇರಿ ನಿಂಗಿಗೆ.'

'ನಿನ್ನ ತಂಗಿಗೆ ಅಂತ ಅವನೇ ಹೇಳಿಕೊಟ್ಟನಾ? ಅವನ ಸಣ್ಣ ಮಗಳು ಬಾಣಂತನಕ್ಕೆ ಬಂದಿದ್ದಾಳೆ ಅನ್ನೋದು ನಮಗೆ ಗೊತ್ತಿಲ್ವಾ? ನಾನೇನು ನಿನ್ನೆ ಹುಟ್ಟಿದವನಾ ದುರುಗಿ?'

ಒಳಗಿಂದ ಕಮಲಾಕ್ಷಮ್ಮ ಬಾಗಿಲಿಗೆ ಬಂದು ನಿಂತರು. ಅವರ ಕಣ್ಣೂ ನನ್ನ ಭುಜದ ಮೇಲಿಂದ ಹಾದುಹೋಯಿತು. 'ನನ್ನ ಸೂಜಿ ವಿಷ ಅಂದ್ರಲ್ಲ, ಅವರೇ ಬಂದು ಕರೀಲಿ ಮಾವಾ' ಅಂದರು. ತಮ್ಮಣ್ಣಯ್ಯನವರು ತಲೆದೂಗಿದರು. 'ಕೇಳಿದೆಯಾ? ತಪ್ಪಾಯ್ತು ಅನ್ನು ಅಂತ ಹೇಳು. ಪೇಟ ತೆಗೆದು ಅನ್ನಲಿ. ಕಳಿಸ್ತೀವಿ.'

ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಇವರ ಮಾತು ಹೊತ್ತಿದ್ದೇನೆ. ಹೆಣ್ಣು ನೋಡುವ ಮಾತು, ಗಡಿಕಲ್ಲಿನ ಮಾತು, ಕಳೆದುಹೋದ ಹೋರಿಯ ಮಾತು, ಹಳಸಿದ ಹೋಳಿಗೆಯ ಮಾತು. ಒಂದೂ ತಪ್ಪಿಸಿಲ್ಲ. ಇವತ್ತು ಒಂದೇ ಒಂದು ಮಾತು, ನನ್ನದು, ಬಾಯಿಬಿಟ್ಟು ಹೇಳಿದರೆ ಇಬ್ಬರೂ ಅದನ್ನು ತಿರುಗಿಸಿ ಮುರುಗಿಸಿ ಹಿಂದೆ ಯಾರ ಕೈಯಿದೆ ಅಂತ ಹುಡುಕುತ್ತಾರೆ. ರಾಯಭಾರಿಗೂ ತಂಗಿ ಇರುತ್ತಾಳೆ, ತಂಗಿಗೂ ಹೊಟ್ಟೆ ಬರುತ್ತದೆ, ಹೊಟ್ಟೆಯೊಳಗಿನ ಕೂಸಿಗೂ ಕಾಲಿರುತ್ತದೆ ಎಂದು ಇವರಿಗೆ ಯಾವ ಬಾಯಲ್ಲಿ ಹೇಳುವುದು?

ಮನೆಗೆ ನುಗ್ಗಿದೆ. ನಿಂಗಿ ಗೋಡೆಗೆ ತಲೆ ಒರಗಿಸಿ ಸೆರಗಿನ ತುದಿ ಕಚ್ಚಿಕೊಂಡಿದ್ದಳು. ಕೂಗಿದರೆ ಎರಡೂ ಕೇರಿಗೆ ಕೇಳಿಸಿಬಿಡುತ್ತದಲ್ಲ, ಅದಕ್ಕೆ. ಆ ಸ್ಥಿತಿಯಲ್ಲೂ ಪದ್ಧತಿ. ಚಿಕ್ಕಂದಿನಿಂದ ಬಾಯಿಗೆ ಬಟ್ಟೆ ಇಟ್ಟು ಬೆಳೆಸಿದ್ದಾರೆ ನಮ್ಮನ್ನು. ಈರಕ್ಕ 'ಏನಾಯ್ತು?' ಅಂದಳು. 'ಇಬ್ರಿಗೂ ತಪ್ಪಾಯ್ತು ಅನ್ನಿಸ್ಕೋಬೇಕಂತೆ.' 'ಅಯ್ಯೋ ಅನ್ಬುಡು ಅತ್ತಾಗೆ! ಯಾವತ್ತೂ ಬಣ್ಣ ಹಚ್ಚಿಲ್ವಾ ನಾವು? ಅಂದವ್ರೆ ಅಂತ ಹೇಳ್ಬುಡು!'

ಹೌದಲ್ಲ, ಅದೇ ಸುಲಭ. ಮರುಳಪ್ಪನವರ ಹತ್ತಿರ ಹೋಗಿ, 'ತಪ್ಪಾಯ್ತು ಅಂದವ್ರೆ ಬುದ್ಧಿ' ಅಂದುಬಿಟ್ಟೆ. ಅವರು ಎದ್ದು ಜಗಲಿಯ ಅಂಚಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ಕಾದರು. ಅತ್ತ ತಮ್ಮಣ್ಣಯ್ಯನವರೂ ಎದ್ದು, ಸೊಂಟದ ಮೇಲೆ ಕೈಯಿಟ್ಟು, ಪೇಟ ಯಾವಾಗ ಇಳಿಯುತ್ತದೆಂದು ಕಾಯುತ್ತಿದ್ದರು. ನಮ್ಮ ಹೆಂಚಿನ ಮೇಲಿಂದ ಇಬ್ಬರೂ ಹುಂಜಗಳ ಹಾಗೆ ಒಬ್ಬರನ್ನೊಬ್ಬರು ದುರುಗುಟ್ಟಿದರು. ಯಾರ ಕೈಯೂ ಮುಗಿಯಲಿಲ್ಲ. ನಾನು ಮಾತಿಗೆ ಬಣ್ಣ ಹಚ್ಚಬಹುದು, ಕೈಗೆ ಹಚ್ಚಲಾಗುತ್ತದೆಯೇ?

'ಎಲ್ಲಿ ಕೈ ಮುಗಿದ?' ಅಂದರು ಮರುಳಪ್ಪನವರು. 'ಮುಗೀತಾರೆ ಬುದ್ಧಿ, ಆಮೇಲೆ ಮುಗೀತಾರೆ, ನೀವು ಜೀಪು...' ಅನ್ನುವಷ್ಟರಲ್ಲಿ ಕಪಾಳಕ್ಕೆ ಬಿತ್ತು. ಪೇಟ ಸುತ್ತಿಕೊಟ್ಟವನು ಬಾಯಿ ತೆರೆದುಕೊಂಡು ನಿಂತ. 'ಇದನ್ನ ಅವನಿಗೆ ಮುಟ್ಟಿಸು' ಅಂದರು ಮರುಳಪ್ಪನವರು. ಏಟಿನ ಸದ್ದು ಮನುಷ್ಯರ ದನಿಯಲ್ಲವಲ್ಲ, ಅದು ಬೀದಿ ದಾಟುತ್ತದೆ. ಇತ್ತ ಮರುಳಪ್ಪನವರ ಜಗಲಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಅತ್ತ ತಮ್ಮಣ್ಣಯ್ಯನವರ ಜಗಲಿಯಲ್ಲಿ ಹಲ್ಲು ಕಡಿದರು. ಏಟು ತಮ್ಮ ಯಜಮಾನರಿಗೆ ಬಿದ್ದದ್ದೆಂದು ಅವರಿಗೆ ಅವಮಾನ. ನನ್ನ ಕೆನ್ನೆ ಉರಿಯುತ್ತಿತ್ತು, ಅವಮಾನ ಅವರಿಗೆ. ಇಂಥ ಊರು.

ಆ ಏಟು ಮುಟ್ಟಿಸಲು ನಾನು ಹೋಗಲಿಲ್ಲ. ಬೀದಿಯ ನಡುವೆ, ನಮ್ಮ ಮನೆಯ ಕಟ್ಟೆಯ ಮೇಲೆ ಹತ್ತಿದೆ. ಯಾವ ಕಡೆಗೂ ಬೆನ್ನು ಮಾಡಲಿಲ್ಲ. ಒಂದು ಭುಜ ಅತ್ತ, ಒಂದು ಭುಜ ಇತ್ತ. ಎದೆಯಲ್ಲಿದ್ದ ಉಸಿರೆಲ್ಲ ಎಳೆದು ಕೂಗಿದೆ: 'ನನ್ ತಂಗಿ ಸಾಯ್ತಾವ್ಳೆ! ಜೀಪು ಬೇಕು, ನರ್ಸಮ್ಮ ಬೇಕು! ಯಾರೂ ಕಳ್ಸಿಲ್ಲ ನನ್ನ! ನಾನೇ ಬಂದಿವ್ನಿ!'

ಎರಡೂ ಕೇರಿಗೆ ಒಂದೇ ಮಾತು ಒಂದೇ ಗಳಿಗೆಯಲ್ಲಿ ಕೇಳಿಸಿದ್ದು ಅದೇ ಮೊದಲು. ಮರುಳಪ್ಪನವರು ತಮ್ಮಣ್ಣಯ್ಯನವರನ್ನು ನೋಡಿದರು. ತಮ್ಮಣ್ಣಯ್ಯನವರು ಮರುಳಪ್ಪನವರನ್ನು ನೋಡಿದರು. ಇವರು ಅವರತ್ತ ಬೆರಳು ಮಾಡಿ 'ನೀವಾ?' ಎಂಬಂತೆ ಕತ್ತೆತ್ತಿದರು. ಅವರು ಅಲ್ಲವೆಂದು ತಲೆಯಾಡಿಸಿ, ಇವರತ್ತ ಬೆರಳು ಮಾಡಿದರು. ಇವರೂ ಅಲ್ಲವೆಂದರು. ಆಮೇಲೆ ಇಬ್ಬರೂ ಒಟ್ಟಿಗೇ ನೋಟ ಇಳಿಸಿ ನನ್ನ ಮುಖ ನೋಡಿದರು. ಅಷ್ಟು ಹೊತ್ತಿಗೆ ಕಂಡೆ ಅವರಿಗೆ.

ಕಂಡ ಕೂಡಲೇ ಕರಗಿದರು, ಜೀಪು ಹೊರಡಿಸಿದರು ಎಂದುಕೊಂಡಿದ್ದರೆ ನೀವು ಯಾವುದೋ ಬೇರೆ ಊರಿನವರು. 'ಸ್ವಂತ ಮಾತಾ?' ಅಂದರು ಮರುಳಪ್ಪನವರು, ನಾನು ಅವರ ಹಟ್ಟಿಯಿಂದ ಹಸು ಬಿಚ್ಚಿಕೊಂಡು ಹೋಗುತ್ತಿದ್ದೇನೋ ಎಂಬ ಹಾಗೆ. 'ರಾಯಭಾರಿಗೆ ಸ್ವಂತ ಮಾತು ಬಂದರೆ ನಮ್ಮ ಮಾತು ಹೊರೋರು ಯಾರು? ಇಳಿಯೇ ಕೆಳಗೆ!' ಅತ್ತ ತಮ್ಮಣ್ಣಯ್ಯನವರು ಇದೇ ಮಾತನ್ನು ಹೆಚ್ಚುಕಡಿಮೆ ಇದೇ ಅಕ್ಷರಗಳಲ್ಲಿ ಹೇಳುತ್ತಿದ್ದರು. 'ಎರಡು ಕಡೆಗೂ ಒಟ್ಟಿಗೆ ಕೂಗ್ತಾಳಲ್ರೋ ಇವಳು! ಪದ್ಧತಿ ಗಿದ್ಧತಿ ಇಲ್ವಾ? ಇಳಿ ಅನ್ರೋ!' ಇಬ್ಬರ ಮನಸ್ಸೂ ಒಂದೇ ಆಗಿತ್ತು, ಪಾಪ ಅದು ಅವರಿಬ್ಬರಿಗೂ ಗೊತ್ತಾಗುವಂತಿರಲಿಲ್ಲ.

ಒಳಗೆ ನಿಂಗಿ ಕೊನೆಗೂ ಸೆರಗು ಉಗುಳಿ ಕೂಗಿದಳು. ಆ ಕೂಗು ಕೇಳಿ ನನ್ನೊಳಗೆ ಏನೋ ಕಟ್ಟೆಯೊಡೆಯಿತು. ನಮ್ಮಪ್ಪ ನುಂಗಿದ್ದು, ನಾನು ನುಂಗಿದ್ದು, ಮಜ್ಜಿಗೆ ಮಾಡಿ ಮಾಡಿ ಹುಳಿಯಾದದ್ದೆಲ್ಲ ಗಂಟಲಿಗೆ ಬಂತು.

'ಇಳಿಯಾಕಿಲ್ಲ! ನಿಮ್ ಮಾತು ತಾನೇ ಹೊರ್ಬೇಕು? ಹೊರ್ತೀನಿ ಕೇಳಿ. ತಮ್ಮಣ್ಣಯ್ನೋರೇ, ಹೋದ ದೀಪಾವಳೀಲಿ ಮರುಳಪ್ಪನೋರು ನಿಮ್ಮ ಆರೋಗ್ಯ ಕೇಳವ್ರೆ ಅಂತ ಹೇಳಿದ್ನಲ್ಲ? ಅವ್ರು ಅಂದಿದ್ದು, ಆ ಮುದುಕ ಹಳೇ ಉಪ್ಪಿನಕಾಯಿ ಮೇಲಿನ ಬೂಷ್ಟು, ಬಿಸಿಲಿಗಿಟ್ರೂ ಹೋಗಾಕಿಲ್ಲ ಅಂತ. ಮರುಳಪ್ನೋರೇ, ನಿಮ್ಮ ಹಸ್ರು ಪೇಟ ಚೆಂದಾಗೈತೆ ಅಂದವ್ರೆ ಅಂತ ನಾನು ಹೇಳಿದ್ದಕ್ಕೆ ಅದೇ ಬಣ್ಣದವು ಇನ್ನೂ ತರಿಸ್ಕೊಂಡ್ರಲ್ಲ? ಅವ್ರು ಅಂದಿದ್ದು, ಪೇಟ ಬಿಚ್ಚಿದ್ರೆ ಒಳಗೆ ತಲೆ ಸಿಗೋದೇ ಅನುಮಾನ ಅಂತ!'

ನಮ್ಮ ಬಾಗಿಲಿಂದ ಈರಕ್ಕ ಕೈಯಲ್ಲಿ ಬಿಸಿನೀರಿನ ಚೊಂಬು ಹಿಡಿದುಕೊಂಡೇ ತಲೆ ಹೊರಗೆ ಹಾಕಿದಳು. 'ಸೊಸೆ ಸೀರೆ ವಿಚಾರ ನಾನು ಹೊತ್ತಿದ್ದು! ಅದ್ನೂ ಹೇಳು!' ಪಕ್ಕದ ಮನೆಯ ಕಿಟಕಿಯಿಂದ ಯಾರೋ 'ಒಡವೆ ತೂಕದ್ದು ನನ್ನ ಹತ್ರ ಐತೆ' ಅಂದರು. ನಡುಕೇರಿಯ ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿದ್ದವು. ನಮ್ಮವರೆಲ್ಲ ಎಷ್ಟು ನುಂಗಿದ್ದಾರೆಂದು ನನಗೂ ಅವತ್ತೇ ಗೊತ್ತಾದದ್ದು.

'ಬೈಗುಳ ಬುಡಿ, ಬೈಗುಳ ನಿಮಗೆ ಊಟದ ಜೊತೆ ನಂಚ್ಕೊಳ್ಳಾಕೆ' ಅಂದೆ. 'ಬಿಸಿಲುಕೇರಿಯೋರೇ, ನೆರಳುಕೇರಿಯೋರೇ, ಎಲ್ಲಾರೂ ಹೊರಗೆ ಬನ್ನಿ. ದನದ ಸಂತೆ ಜಾಗ ನೆರಳುಕೇರಿಗೆ ಹೆಂಗೋಯ್ತು, ಕೆರೆ ಪಕ್ಕದ ಹುಲ್ಲುಗಾವಲು ಬಿಸಿಲುಕೇರಿಗೆ ಹೆಂಗ್ ಬಂತು ಅಂತ ನೀವು ನೀವು ಹೊಡ್ದಾಡ್ತಿದ್ರಲ್ಲ? ಯುಗಾದಿ ಹಿಂದಿನ ದಿನ ಈ ಇಬ್ರು ಯಜಮಾನ್ರು ಗುಟ್ಟಾಗಿ ಒಬ್ರಿಗೊಬ್ರು ನನ್ ಕೈಲಿ ಏನೇನು ಹೇಳಿ ಕಳ್ಸವ್ರೆ...'

'ಏಯ್! ಏಯ್!' ಮರುಳಪ್ಪನವರು ಜಗಲಿಯಿಂದ ಹಾರಿದರು. ಆ ವಯಸ್ಸಿನಲ್ಲಿ ಅವರು ಹಾರಬಲ್ಲರೆಂದು ಅವರ ಮನೆಯವರಿಗೂ ಗೊತ್ತಿರಲಿಲ್ಲ. ಅತ್ತ ತಮ್ಮಣ್ಣಯ್ಯನವರು ಎಲೆಯಡಿಕೆ ಉಗುಳಲೂ ಮರೆತು ಎರಡೂ ಕೈ ಬೀಸುತ್ತಿದ್ದರು. ಅವರವರ ಹಿಂದೆ ಅವರವರ ಕೇರಿಯ ಜನ ಕತ್ತು ಉದ್ದ ಮಾಡುತ್ತಿದ್ದರು. 'ಸಂತೆ ಜಾಗಕ್ಕೇನಾಯ್ತು?' ಎಂದು ಕಾಫಿ ಲೋಟ ಹಿಡಿದಿದ್ದವನೊಬ್ಬ ಕೇಳಿಯೇಬಿಟ್ಟ. ಮರುಳಪ್ಪನವರು ಅವನತ್ತ ತಿರುಗದೆ, 'ಸಣ್ಣಪ್ಪಾ! ಜೀಪು ತೆಗೆಯೋ! ಬೇಗ ತೆಗೆಯೋ!' ಎಂದು ಡ್ರೈವರನಿಗೆ ಕೂಗಿದರು. 'ಕಮಲಾ, ಪೆಟ್ಟಿಗೆ ತಗೋ, ಹೋಗು, ಮೊದಲು ಅವಳ ಬಾಯಿ... ಮೊದಲು ಹೆರಿಗೆ ನೋಡು!' ಅಂದರು ತಮ್ಮಣ್ಣಯ್ಯನವರು.

'ಬರ್ಲಿ. ಬಂದ್ರೆ ಮಿಕ್ಕಿದ್ದು ಇವತ್ತು ಹೇಳಾಕಿಲ್ಲ' ಅಂದೆ. 'ಇವತ್ತು' ಅನ್ನುವುದನ್ನು ಸ್ವಲ್ಪ ಒತ್ತಿಯೇ ಹೇಳಿದೆ.

ಹೀಗೆ ಬಂತು ಜೀಪು, ಹೀಗೆ ಬಂದರು ನರ್ಸಮ್ಮ. ದಯೆ ಅಂತ ಯಾರಾದರೂ ಬರೆದಿಟ್ಟರೆ ನಂಬಬೇಡಿ. ಬೋರ್ಡಿನಲ್ಲಿ ಕೈ ಬೀಸುವವನ ಹೆಸರಿಗೆ ಇದನ್ನೂ ಸೇರಿಸಿದರೆ ಆಶ್ಚರ್ಯವಿಲ್ಲ.

ನಾನೂ ಈರಕ್ಕನೂ ನಿಂಗಿಯನ್ನು ಕಂಬಳಿಯಲ್ಲಿ ಎತ್ತಿ ಜೀಪಿನ ಹಿಂಭಾಗದೊಳಗೆ ಮಲಗಿಸಿದೆವು. ಕಮಲಾಕ್ಷಮ್ಮ ಬಿಸಿಲುಕೇರಿಯ ಜೀಪಿಗೆ ಕಾಲಿಡುವ ಮುಂಚೆ ಒಂದು ಕ್ಷಣ ಮಾವನ ಕಡೆ ನೋಡಿದರು. ಅಷ್ಟರಲ್ಲಿ ನಿಂಗಿ ಅವರ ಸೆರಗು ಹಿಡಿದು ಎಳೆದುಕೊಂಡಳು. ಒಳಗೆ ಬಂದು, ಕೈ ತೊಳೆದು, ನೋಡಿದವರೇ 'ಆಸ್ಪತ್ರೆ ಮುಟ್ಟಲ್ಲ, ಇಲ್ಲೇ ಆಗಬೇಕು' ಅಂದರು. ಅವರ ಮುಖ ಆಗ ಬೇರೆಯಾಗಿತ್ತು. ಯಾರ ಸೊಸೆಯದೂ ಆಗಿರಲಿಲ್ಲ, ಕೆಲಸದವಳ ಮುಖವಾಗಿತ್ತು. 'ಗಾಡಿ ಅಲ್ಲಾಡಿಸಬೇಡ, ಇಂಜಿನ್ ಆಫ್ ಮಾಡು!' ಎಂದರು ಡ್ರೈವರನಿಗೆ. ಸಣ್ಣಪ್ಪನಿಗೆ ಎಲ್ಲಿ ಕೇಳಿಸಬೇಕು? ಅವನು ಕನ್ನಡಿಯಲ್ಲಿ ತುಟಿ ಅಲ್ಲಾಡಿದ್ದು ಕಂಡು, ಹೊರಡು ಅಂದರೆಂದುಕೊಂಡು ಗೇರಿಗೆ ಕೈಹಾಕಿದ. 'ಆಫ್ ಮಾಡೋ ಸಣ್ಣಪ್ಪಾ!' ಎಂದು ನಾನು ಚೀರಿದೆ. ಆಫ್ ಮಾಡಿ, ಸ್ಟೇರಿಂಗಿಗೆ ಹಣೆ ಒತ್ತಿ ಕೂತ. 'ದುರುಗಕ್ಕ, ಬದುಕ್ತಾಳಾ ಕೇಳಕ್ಕ' ಅಂದ. ಇಷ್ಟು ವರ್ಷದಲ್ಲಿ ಬಿಸಿಲುಕೇರಿಯಿಂದ ನೆರಳುಕೇರಿಗೆ ನಾನು ಹೊತ್ತ ಮಾತುಗಳಲ್ಲಿ ಹೊರಲು ಹಗುರಾದದ್ದು ಅದೊಂದೇ. 'ಬದುಕ್ತಾಳಾ ಅಂತ ಕೇಳ್ತಾವ್ನೆ ಅಮ್ಮಾ' ಅಂದೆ. ಕಮಲಾಕ್ಷಮ್ಮ ತಲೆಯೆತ್ತಲಿಲ್ಲ. 'ಇವಳು ಮುಕ್ಕಿರಿದರೆ ಬದುಕ್ತಾಳೆ ಅನ್ನು.'

ನಿಂಗಿ ಮುಕ್ಕಿರಿದಳು. ಕೂಗಿದಳು. ಎರಡೂ ಕೇರಿಗೆ ಕೇಳುವ ಹಾಗೆ, ನಾಚಿಕೆಪಡದೆ, ತನಗೆ ಗೊತ್ತಿದ್ದ ಬೈಗುಳಗಳನ್ನೆಲ್ಲ ಬೈದಳು. ಹೆಚ್ಚಿನವು ಭರಮನಿಗೆ, ಮಿಕ್ಕವು ಅವನನ್ನು ಕಳಿಸಿದವರಿಗೆ. ಒಂದಕ್ಕೂ ನೀರು ಬೆರೆಸಲಿಲ್ಲ. ಮೊದಲು ಕಾಲು ಬಂತು, ಆಮೇಲೆ ಸೊಂಟ. ಕಮಲಾಕ್ಷಮ್ಮ ಒಂದು ಕೈಯಲ್ಲಿ ಕೂಸಿನ ಮೈ ಹೊತ್ತು ಇನ್ನೊಂದರಿಂದ ತಲೆ ಬಿಡಿಸುವಾಗ ಅವರ ಹಣೆಯ ಬೆವರು ನಿಂಗಿಯ ಮೊಣಕಾಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಕೂಸು ಹೊರಗೆ ಬಂತು. ನೀಲಿಗಟ್ಟಿತ್ತು. ಅಳಲಿಲ್ಲ.

ಈರಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಕಮಲಾಕ್ಷಮ್ಮ ಕೂಸಿನ ಬಾಯಿ ಒರೆಸಿದರು, ಬೆನ್ನು ಉಜ್ಜಿದರು, ಅಂಗಾಲಿಗೆ ತಟ್ಟಿದರು, ಮತ್ತೆ ತಟ್ಟಿದರು. 'ಅಳು' ಅಂದರು. 'ಅಳೇ ಮಾರಾಯ್ತಿ.' ನಿಂಗಿ ತಲೆಯೆತ್ತಲು ನೋಡಿ ಆಗದೆ ನನ್ನ ಮುಖ ನೋಡುತ್ತಿದ್ದಳು. ನನ್ನ ಮುಖದಲ್ಲಿ ಏನಿತ್ತೋ. ಯಾವ ಸುದ್ದಿಗೂ ಯಾವ ಮುಖ ಹಾಕಬೇಕೆಂದು ಕಲಿತವಳು ನಾನು. ಅವತ್ತು ಒಂದೂ ನೆನಪಾಗಲಿಲ್ಲ.

ಆಗ ಅತ್ತಿತು. ಮೊದಲು ಬೆಕ್ಕಿನ ಮರಿಯ ಹಾಗೆ, ಆಮೇಲೆ ಗಂಟಲು ಸಿಕ್ಕಿದ ಮೇಲೆ, ಜೀಪಿನ ತಗಡು ಗುಂಯ್‌ಗುಡುವ ಹಾಗೆ. ಹೆಣ್ಣು. ನಿಂಗಿ ಅಳುತ್ತಾ ನಗುತ್ತಿದ್ದಳು. ಸಣ್ಣಪ್ಪ ಮುಂದೆ ಕೂತಲ್ಲೇ ಮೂಗು ಒರೆಸಿಕೊಂಡ. ಕಮಲಾಕ್ಷಮ್ಮ ಹೊಕ್ಕುಳಬಳ್ಳಿ ಕತ್ತರಿಸಿ, ಕೂಸನ್ನು ನನ್ನ ಕೈಗೆ ಕೊಟ್ಟು, ಜೀಪಿನ ನೆಲದ ಮೇಲೇ ಕುಸಿದು ಕೂತರು.

ನಡುಕೇರಿಯ ಕೂಸಿನ ಅಳು ಎರಡೂ ಕೇರಿಗೆ ಕೇಳಿಸುತ್ತದೆ. ಎರಡೂ ಜಗಲಿಯಲ್ಲಿ ಯಜಮಾನರು ಮತ್ತೆ ತಮ್ಮ ತಮ್ಮ ಜಾಗ ಹಿಡಿದಿದ್ದರು. ಪೇಟ ಸರಿಹೋಗಿತ್ತು, ಹೊಸ ಎಲೆ ಬಾಯಿ ಸೇರಿತ್ತು. ಸಂತೆಯ ಜಾಗ ಕೇಳಿದವನು ಮಾತ್ರ ಲೋಟ ಕೆಳಗಿಟ್ಟು ಹಾಗೇ ನಿಂತಿದ್ದ. ಮರುಳಪ್ಪನವರು ಅವನನ್ನು ನೋಡದಿರಲು ಬೀದಿಯ ಕಡೆಗೇ ಕಣ್ಣು ನೆಟ್ಟಿದ್ದರು. 'ಏನಾಯ್ತು?' ಅಂದರು. 'ಹೆಣ್ಣು' ಅಂದೆ. 'ಒಳ್ಳೇದಾಯ್ತು. ಇನ್ನೊಂದು ರಾಯಭಾರಿ ಬಂದ ಹಾಗಾಯ್ತು' ಅಂದರು. ಅತ್ತ ತಮ್ಮಣ್ಣಯ್ಯನವರೂ ತಲೆದೂಗುತ್ತಾ, 'ಹೆಣ್ಣಾದರೇನು, ರಾಯಭಾರಿ ರಾಯಭಾರಿಯೇ. ಗಂಟಲು ಚೆನ್ನಾಗಿದೆ, ಪಳಗಿಸಿ' ಅಂದರು.

ನಾನು ಒಂದನ್ನೂ ಅತ್ತಿತ್ತ ದಾಟಿಸಲಿಲ್ಲ. ಕೂಸನ್ನು ಎದೆಗೆ ಅವಚಿಕೊಂಡು ಜೀಪಿನ ಹಿಂದಿನ ಮೆಟ್ಟಿಲ ಮೇಲೆ ನಿಂತೆ. ಅದು ಮುಷ್ಟಿ ಬಿಗಿಹಿಡಿದು ನಿಲ್ಲಿಸದೆ ಕಿರುಚುತ್ತಿತ್ತು. ಮರುಳಪ್ಪನವರು ನೆರಳುಕೇರಿಯ ಜಗಲಿಯತ್ತ ಕಣ್ಣು ಕಿರಿದು ಮಾಡಿದರು. 'ಏನಂತೆ ಅದು? ಯಾರು ಹೇಳಿಸ್ತಾ ಇದ್ದಾರೆ?' ತಮ್ಮಣ್ಣಯ್ಯನವರೂ ಬಿಸಿಲುಕೇರಿಯತ್ತ ಕತ್ತು ಚಾಚಿದರು. 'ಏನು ಕೇಳ್ತಾ ಇದ್ದಾರೆ ಅವರು? ಯಾರಿಗೆ ಬೇಕಂತೆ?'

'ಹಾಲು ಬೇಕಂತೆ' ಅಂದೆ, ಇಬ್ಬರಿಗೂ ಒಂದೇ ಸಲ. 'ತನಗೇ ಬೇಕಂತೆ.'